ಗೆದ್ದೆತ್ತಿನ ಬಾಲ ಹಿಡಿಯುವವರಿಗೆ ಒಂದು ಮಾತು



ಈ ಬಾರಿ ಫುಟ್‌ಬಾಲ್ ಕುರಿತು ಬರೆಯುತ್ತಿದ್ದೇನೆ ಎಂದರೆ ನಿಮ್ಮಲ್ಲಿ ಹಲವರು ನಗಬಹುದು. ಮೂವತ್ತನಾಲ್ಕು ವರ್ಷ ಲೆಕ್ಕ ಹೇಳಿಕೊಟ್ಟ ಮೇಷ್ಟರಿಗೆ ಇಳಿವಯಸ್ಸಿನಲ್ಲಿ ಚೆಂಡಿನ ಹುಚ್ಚೇಕೆ ಎಂದು ಕೇಳಬಹುದು. ದಯವಿಟ್ಟು ಕೊನೆಯವರೆಗೂ ಓದಿ; ಲೆಕ್ಕವೂ ಬರುತ್ತದೆ, ನನ್ನದೇ ಒಂದು ತಪ್ಪಿನ ಒಪ್ಪಿಗೆಯೂ ಬರುತ್ತದೆ.

2023ರ ಡಿಸೆಂಬರ್ 8ರ ಸಂಜೆ ನನ್ನ ತಂಗಿಯ ಮಗ ನನ್ನನ್ನು ಬಲವಂತದಿಂದ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಕರೆದೊಯ್ದಿದ್ದ. ಬೆಂಗಳೂರು ಎಫ್‌ಸಿ ತಂಡ ಮುಂಬೈ ಸಿಟಿ ತಂಡದೆದುರು ಆಡುತ್ತಿತ್ತು. ನಮ್ಮವರು ಸ್ವಂತ ಅಂಗಳದಲ್ಲಿಯೇ ನಾಲ್ಕು ಗೋಲು ಬಿಟ್ಟುಕೊಟ್ಟು ಒಂದನ್ನೂ ಹೊಡೆಯದೆ ಸೋತರು. ಹೊರಗೆ ಬರುವಾಗ ಹುಡುಗನ ಮುಖ ಕೆಂಪಾಗಿತ್ತು. "ನೋಡಿ ಮಾವ, ಈ ಕೋಚ್‌ನ ಇವತ್ತು ರಾತ್ರಿಯೇ ಮನೆಗೆ ಕಳಿಸಬೇಕು. ಇನ್ನೊಂದು ದಿನವೂ ಇಟ್ಕೋಬಾರದು" ಎಂದ. ಅವನ ಗೆಳೆಯರೆಲ್ಲರೂ ತಲೆದೂಗಿದರು. ಅವರಲ್ಲೊಬ್ಬ ಮಾತ್ರ ಮೆಲ್ಲಗೆ, "ಹೋದ ವರ್ಷ ಫೈನಲ್‌ಗೆ ಕರ್ಕೊಂಡು ಹೋಗಿದ್ದು ಇವರೇ ಅಲ್ವೇನೋ" ಎಂದ. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನವೇ ಕೋಚ್ ಸೈಮನ್ ಗ್ರೇಸನ್ ಅವರನ್ನು ಸಂಸ್ಥೆ ಬಿಡುಗಡೆ ಮಾಡಿತು.

ಮೆಲುದನಿಯಲ್ಲಿ ಮಾತಾಡಿದ ಆ ಹುಡುಗನ ಪರವಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಗ್ರೇಸನ್ 2022ರಲ್ಲಿ ಬಂದವರು. ಆ ಸೆಪ್ಟೆಂಬರಿನಲ್ಲಿಯೇ ತಂಡ ಡುರಾಂಡ್ ಕಪ್ ಗೆದ್ದಿತು. ಅನಂತರ ಇಂಡಿಯನ್ ಸೂಪರ್ ಲೀಗ್ ಆರಂಭವಾದಾಗ ಸೋಲಿನ ಮೇಲೆ ಸೋಲು. ಇದೇ ಮುಂಬೈ ತಂಡ 2022ರ ನವೆಂಬರಿನಲ್ಲಿಯೂ ನಾಲ್ಕು ಗೋಲುಗಳಿಂದಲೇ ನಮ್ಮವರನ್ನು ಮಣಿಸಿತ್ತು. ಆಗಲೂ "ಕಿತ್ತುಹಾಕಿ" ಎಂದವರಿದ್ದರು, ಸಂಸ್ಥೆ ಕೀಳಲಿಲ್ಲ. 2023ರ ಜನವರಿಯಿಂದ ಅದೇ ತಂಡ, ಅದೇ ಕೋಚ್‌ನ ಕೈಕೆಳಗೆ, ಲೀಗಿನಲ್ಲಿ ಸಾಲಾಗಿ ಎಂಟು ಪಂದ್ಯ ಗೆದ್ದು ನಾಲ್ಕನೆಯ ಸ್ಥಾನಕ್ಕೇರಿತು. ಮಾರ್ಚಿನ ಫೈನಲ್‌ನಲ್ಲಿ ಮೋಹನ್ ಬಾಗಾನ್ ಎದುರು ಪೆನಾಲ್ಟಿ ಹೊಡೆತಗಳಲ್ಲಷ್ಟೇ ಸೋತಿತು. ಎದುರಾಳಿ ಅದೇ, ಗೋಲುಗಳ ಅಂತರ ಅದೇ. ಒಂದು ಸಲ ತಾಳಿಕೊಂಡರು, ಇನ್ನೊಂದು ಸಲ ತಾಳಿಕೊಳ್ಳಲಿಲ್ಲ. ಗ್ರೇಸನ್ ಹೋದ ಮೇಲೆ ಪವಾಡವೇನೂ ನಡೆಯಲಿಲ್ಲ. ಹನ್ನೆರಡು ತಂಡಗಳ ಪೈಕಿ ಹತ್ತನೆಯ ಸ್ಥಾನದಲ್ಲಿ ಆ ಋತು ಮುಗಿಯಿತು. ಹೊಸದಾಗಿ ಬಂದ ಜೆರಾರ್ಡ್ ಜರಗೋಜಾ ಅವರನ್ನೂ ಅದೇ ಅಳತೆಗೋಲಿನಿಂದ ಅಳೆದಿದ್ದರೆ 2024ರಲ್ಲಿಯೇ ಅವರು ಊರಿನ ವಿಮಾನ ಹತ್ತಬೇಕಾಗಿತ್ತು. ಹತ್ತಲಿಲ್ಲ. 2025ರ ಏಪ್ರಿಲಿನಲ್ಲಿ ತಂಡ ಮತ್ತೆ ಫೈನಲ್‌ನಲ್ಲಿತ್ತು. ಹೆಚ್ಚುವರಿ ಸಮಯದಲ್ಲಿ ಒಂದೇ ಗೋಲಿನಿಂದ ಸೋತಿತು.

ಸೋಲಿನ ಸರಣಿಯ ನಡುವೆ ನಿಂತು ಒಬ್ಬ ಮನುಷ್ಯನ ಯೋಗ್ಯತೆಯನ್ನು ನಿರ್ಣಯಿಸುವುದು ನ್ಯಾಯವಲ್ಲ, ಬರಿಯ ಸಿಟ್ಟು. ಇದು ನನ್ನ ವಾದ. ಇದಕ್ಕೆ ಬರುವ ಆಕ್ಷೇಪಣೆಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

ಮೊದಲನೆಯ ಆಕ್ಷೇಪಣೆ: "ಕೋಚ್ ಬದಲಾದೊಡನೆ ತಂಡ ಚೇತರಿಸಿಕೊಳ್ಳುವುದನ್ನು ನಾವೇ ಕಣ್ಣಾರೆ ಕಂಡಿದ್ದೇವಲ್ಲ?" ಕಂಡಿರುವಿರಿ, ನಿಜ. ಆದರೆ ಕಂಡದ್ದರ ಅರ್ಥವನ್ನು ತಪ್ಪಾಗಿ ತಿಳಿದಿರುವಿರಿ. ಇಲ್ಲಿ ಲೆಕ್ಕ ಬರುತ್ತದೆ. ಕಿರುಪರೀಕ್ಷೆಯಲ್ಲಿ ತರಗತಿಯಲ್ಲಿಯೇ ಅತಿ ಕಡಿಮೆ ಅಂಕ ಪಡೆದ ಹತ್ತು ಮಂದಿಯನ್ನು ನಾನು ನಿಲ್ಲಿಸಿ ಬೈಯುತ್ತಿದ್ದುದು ನಿಮಗೆ ನೆನಪಿರಬಹುದು. ಮುಂದಿನ ಪರೀಕ್ಷೆಯಲ್ಲಿ ಅವರಲ್ಲಿ ಹೆಚ್ಚಿನವರ ಅಂಕ ಏರುತ್ತಿತ್ತು. ನನ್ನ ಬೈಗುಳ ಫಲಿಸಿತೆಂದು ನಾನು ಬೀಗುತ್ತಿದ್ದೆ. ಹಾಗೆಯೇ ಅತಿ ಹೆಚ್ಚು ಅಂಕ ಪಡೆದವರನ್ನು ಹೊಗಳಿದರೆ ಮುಂದಿನ ಸಲ ಅವರ ಅಂಕ ಇಳಿಯುತ್ತಿತ್ತು. ಹೊಗಳಿದರೆ ಮಕ್ಕಳು ಕೆಡುತ್ತಾರೆಂದು ತೀರ್ಮಾನಿಸಿದ್ದೆ. ಎರಡೂ ಭ್ರಮೆ. ಒಂದು ಪರೀಕ್ಷೆಯ ಅಂಕದಲ್ಲಿ ಹುಡುಗನ ಸಾಮರ್ಥ್ಯವೂ ಇರುತ್ತದೆ, ಆ ದಿನದ ಅದೃಷ್ಟವೂ ಇರುತ್ತದೆ. ತೀರ ಕೆಳಗೆ ಬಿದ್ದವರಲ್ಲಿ ಬಹುಮಂದಿಗೆ ಆ ದಿನ ಹಲ್ಲುನೋವೋ, ಮನೆಯಲ್ಲಿ ಜಗಳವೋ, ಓದದೆ ಬಿಟ್ಟ ಪಾಠದಿಂದಲೇ ಬಂದ ಪ್ರಶ್ನೆಯೋ ಕಾಡಿರುತ್ತದೆ. ಅಂಥ ದುರದೃಷ್ಟ ಮರುದಿನವೂ ಬರಬೇಕೆಂದಿಲ್ಲ. ಬೈದರೂ ಬೈಯದಿದ್ದರೂ ಅಂಕ ಸರಾಸರಿಯತ್ತ ಹಿಂದಿರುಗುತ್ತದೆ.

ಕೋಚ್‌ನ ಕಥೆಯೂ ಇದೇ. ಅವನನ್ನು ವಜಾ ಮಾಡುವುದು ತಂಡ ಬಾವಿಯ ತಳ ಮುಟ್ಟಿದಾಗ. ತಳದಿಂದ ಇರುವ ದಾರಿ ಮೇಲಕ್ಕೇ. ಆ ಗಳಿಗೆಯಲ್ಲಿ ಯಾರು ಬಂದು ಕುಳಿತರೂ ಕೀರ್ತಿ ಅವರದಾಗುತ್ತದೆ. ಇದು ನನ್ನೊಬ್ಬನ ತರ್ಕವಲ್ಲ. ಬಾಸ್ ಟೆರ್ ವೀಲ್ ಎಂಬ ಅರ್ಥಶಾಸ್ತ್ರಜ್ಞರು ನೆದರ್ಲೆಂಡ್ಸಿನ ಫುಟ್‌ಬಾಲ್ ಲೀಗಿನ 1986ರಿಂದ 2004ರವರೆಗಿನ ಫಲಿತಾಂಶಗಳನ್ನು ಪರಿಶೀಲಿಸಿದರು. ಮ್ಯಾನೇಜರನ್ನು ವಜಾ ಮಾಡಿದ ತಂಡಗಳನ್ನೂ, ಅಂಥದೇ ಕುಸಿತ ಕಂಡೂ ಮ್ಯಾನೇಜರನ್ನು ಉಳಿಸಿಕೊಂಡ ತಂಡಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಎರಡೂ ಬಗೆಯ ತಂಡಗಳು ಚೇತರಿಸಿಕೊಂಡಿದ್ದವು. ವಜಾ ಮಾಡಿದ್ದರಿಂದ ವಿಶೇಷ ಲಾಭವೇನೂ ಕಾಣಲಿಲ್ಲ.

ಎರಡನೆಯ ಆಕ್ಷೇಪಣೆ: "ಹನ್ನೊಂದು ಆಟಗಾರರನ್ನು ಬದಲಿಸಲಾಗದು, ಒಬ್ಬ ಕೋಚ್‌ನನ್ನು ಬದಲಿಸಬಹುದು." ಇದು ಅನುಕೂಲದ ಮಾತು, ನ್ಯಾಯದ ಮಾತಲ್ಲ. ಆ ಕೋಚ್‌ನನ್ನು ಹುಡುಕಿ ತಂದವರು ಯಾರು? ಆಟಗಾರರನ್ನು ಕೊಂಡವರು, ಮಾರಿದವರು ಯಾರು? ಅವರಾರೂ ರಾಜೀನಾಮೆ ಕೊಡುವುದಿಲ್ಲ. ಇಂಗ್ಲೆಂಡಿನ ಲೆಸ್ಟರ್ ಸಿಟಿ ತಂಡ 2016ರ ಮೇ ತಿಂಗಳಲ್ಲಿ ಯಾರ ಊಹೆಗೂ ನಿಲುಕದಂತೆ ಪ್ರೀಮಿಯರ್ ಲೀಗ್ ಗೆದ್ದಿತು. ಋತುವಿನ ಆರಂಭದಲ್ಲಿ ಬಾಜಿದಾರರು ಅದರ ಗೆಲುವಿಗೆ ಐದು ಸಾವಿರಕ್ಕೆ ಒಂದರ ದರ ಇಟ್ಟಿದ್ದರು. ಗೆಲ್ಲಿಸಿದ ಮ್ಯಾನೇಜರ್ ಕ್ಲಾಡಿಯೊ ರಾನಿಯೇರಿ ಅವರನ್ನು 2017ರ ಫೆಬ್ರವರಿಯಲ್ಲಿ, ಹತ್ತು ತಿಂಗಳು ಕಳೆಯುವುದರೊಳಗೆ, ಹೊರಗೆ ಕಳುಹಿಸಲಾಯಿತು. ಅವರ ಸ್ಥಾನಕ್ಕೆ ಬಂದವರು ತಂಡವನ್ನು ಹನ್ನೆರಡನೆಯ ಸ್ಥಾನಕ್ಕೆ ತಂದರು. ಅವರನ್ನೂ ಅದೇ ಅಕ್ಟೋಬರಿನಲ್ಲಿ ಕಳುಹಿಸಲಾಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಕುಣಿಸುವವರು ಪ್ರತಿ ವರ್ಷವೂ ನೆಲ ಅಗೆಸುತ್ತಿದ್ದಾರೆ.

ಮೂರನೆಯದು, ಬಹಳ ಜಾಣತನದ್ದು: "ತಾಳ್ಮೆಯ ಮಾತು ಬಂದಾಗಲೆಲ್ಲ ಅಲೆಕ್ಸ್ ಫರ್ಗ್ಯುಸನ್ ಹೆಸರು ಹೇಳುತ್ತೀರಿ. ಎಲ್ಲರೂ ಫರ್ಗ್ಯುಸನ್ ಆಗುತ್ತಾರೆಯೇ?" ಆಗುವುದಿಲ್ಲ, ಒಪ್ಪುತ್ತೇನೆ. ಆದರೂ ಅವರ ಕಥೆಯನ್ನು ಸರಿಯಾಗಿ ತಿಳಿಯುವುದು ಒಳ್ಳೆಯದು. ಫರ್ಗ್ಯುಸನ್ 1986ರ ನವೆಂಬರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದಾಗ ತಂಡ ಪಟ್ಟಿಯಲ್ಲಿ ಕೆಳಗಿನಿಂದ ಎರಡನೆಯದು. ಮೂರು ವರ್ಷಗಳ ಮೇಲೆ, 1989ರ ಸೆಪ್ಟೆಂಬರಿನಲ್ಲಿ, ನೆರೆಯ ಮ್ಯಾಂಚೆಸ್ಟರ್ ಸಿಟಿ ಎದುರು ಐದಕ್ಕೆ ಒಂದರ ಸೋಲು. ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ ಲೀಗಿನ ಹನ್ನೊಂದು ಪಂದ್ಯಗಳಲ್ಲಿ ಒಂದೂ ಗೆಲುವಿಲ್ಲ. ಡಿಸೆಂಬರಿನಲ್ಲಿ ಅವರದೇ ಅಂಗಳದಲ್ಲಿ ಅಭಿಮಾನಿಯೊಬ್ಬ, ಮೂರು ವರ್ಷ ನೆಪ ಕೇಳಿದ್ದು ಸಾಕು, ಹೊರಡಿ ಎಂಬರ್ಥದ ಬಟ್ಟೆಯ ಫಲಕ ಹಿಡಿದು ನಿಂತ. 1990ರ ಜನವರಿ 7ರಂದು ಎಫ್‌ಎ ಕಪ್ ಪಂದ್ಯದಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎದುರು ಮಾರ್ಕ್ ರಾಬಿನ್ಸ್ ಎಂಬ ತರುಣ ಹೊಡೆದ ಒಂದೇ ಗೋಲಿನಿಂದ ತಂಡ ಗೆದ್ದಿತು. ಆ ಮೇ ತಿಂಗಳಲ್ಲಿ ಕಪ್ಪನ್ನೂ ಗೆದ್ದಿತು. ಆ ಗೋಲು ಫರ್ಗ್ಯುಸನ್ನರ ನೌಕರಿ ಉಳಿಸಿತೆಂದು ಜನ ಇಂದಿಗೂ ಹೇಳುತ್ತಾರೆ. ಆಗಿನ ಅಧ್ಯಕ್ಷ ಮಾರ್ಟಿನ್ ಎಡ್ವರ್ಡ್ಸ್ ಮಾತ್ರ, ಸೋತಿದ್ದರೂ ವಜಾ ಮಾಡುತ್ತಿರಲಿಲ್ಲ ಎಂದು ಅನಂತರ ಹೇಳಿದ್ದಾರೆ.

ಅಧ್ಯಕ್ಷರು ಕಂಡದ್ದು ಏನು? ಫಲಿತಾಂಶದ ಪಟ್ಟಿಯಲ್ಲಿ ಕಾಣದ ಕೆಲಸವನ್ನು. ಹೊಸದಾಗಿ ಬಂದಿದ್ದ ನೀಲ್ ವೆಬ್ ಋತುವಿನ ಆರಂಭದಲ್ಲಿಯೇ ಗಾಯಗೊಂಡಿದ್ದರು. ಗ್ಯಾರಿ ಪ್ಯಾಲಿಸ್ಟರ್, ಪಾಲ್ ಇನ್ಸ್ ಮುಂತಾದವರು ಆಗತಾನೆ ಬಂದು ಇನ್ನೂ ಹೊಂದಿಕೊಳ್ಳುತ್ತಿದ್ದರು. ಹುಡುಗರ ತಂಡವನ್ನು ಬುಡದಿಂದ ಕಟ್ಟುವ ಕೆಲಸ ನಡೆದಿತ್ತು. ರಯಾನ್ ಗಿಗ್ಸ್ ಎಂಬ ಹದಿನಾಲ್ಕರ ಬಾಲಕನನ್ನು 1987ರಲ್ಲಿಯೇ ಸೇರಿಸಿಕೊಳ್ಳಲಾಗಿತ್ತು. ನೆಟ್ಟ ತೆಂಗಿನ ಸಸಿಯನ್ನು ವಾರಕ್ಕೊಮ್ಮೆ ಕಿತ್ತು ಬೇರು ಬಿಟ್ಟಿದೆಯೇ ಎಂದು ನೋಡುವವನಿಗೆ ಎಳನೀರು ಸಿಗುವುದಿಲ್ಲ. 1993ರಲ್ಲಿ, ಇಪ್ಪತ್ತಾರು ವರ್ಷಗಳ ಮೇಲೆ, ಯುನೈಟೆಡ್ ಲೀಗ್ ಗೆದ್ದಿತು. 2013ರಲ್ಲಿ ನಿವೃತ್ತರಾಗುವ ಹೊತ್ತಿಗೆ ಫರ್ಗ್ಯುಸನ್ ಹದಿಮೂರು ಲೀಗ್ ಪ್ರಶಸ್ತಿಗಳನ್ನು ತಂದಿದ್ದರು. ಅದೇ ಸಂಸ್ಥೆ ಅವರ ಉತ್ತರಾಧಿಕಾರಿ ಡೇವಿಡ್ ಮೋಯೆಸ್‌ಗೆ ಆರು ವರ್ಷಗಳ ಕರಾರು ಕೊಟ್ಟು, ಹತ್ತು ತಿಂಗಳಿಗೆ ಕಳುಹಿಸಿತು. ಲೂಯಿ ವಾನ್ ಗಾಲ್ 2016ರಲ್ಲಿ ಎಫ್‌ಎ ಕಪ್ ಗೆದ್ದ ಎರಡೇ ದಿನಕ್ಕೆ ಹೊರಬಿದ್ದರು. 2024ರ ಅಕ್ಟೋಬರಿನೊಳಗೆ ಪೂರ್ಣಾವಧಿಗೆಂದು ನೇಮಕಗೊಂಡ ಐವರು ವಜಾ ಆದರು. 2025ರವರೆಗೂ ಒಂದೇ ಒಂದು ಲೀಗ್ ಪ್ರಶಸ್ತಿ ಬರಲಿಲ್ಲ.

ಹಾಗಾದರೆ ಯಾರನ್ನೂ ಎಂದಿಗೂ ತೆಗೆಯಬಾರದೇ? ಹಾಗೆ ನಾನು ಹೇಳುವುದಿಲ್ಲ. ಆಟಗಾರರೇ ಅವನ ಮಾತು ಕೇಳುವುದನ್ನು ಬಿಟ್ಟಿದ್ದರೆ, ಅದೇ ತಪ್ಪು ವರ್ಷಾನುವರ್ಷ ಮರುಕಳಿಸುತ್ತಿದ್ದರೆ, ಅವನು ಕಲಿಯುವುದನ್ನು ನಿಲ್ಲಿಸಿದ್ದರೆ ತೆಗೆಯಬೇಕು. ಆರ್ಸೆನಲ್‌ನಲ್ಲಿ ಆರ್ಸೆನ್ ವೆಂಗರ್ ಅವರ ಇಪ್ಪತ್ತೆರಡು ವರ್ಷಗಳ ಕೊನೆಯ ಭಾಗದಲ್ಲಿ ಅವರು ಹೊರಡಲೆಂದವರೆಲ್ಲರೂ ಕೃತಘ್ನರಾಗಿರಲಿಲ್ಲ. ಅವರ ಎದುರಿಗೆ ವರ್ಷಗಟ್ಟಲೆಯ ಸಾಕ್ಷ್ಯವಿತ್ತು. ಆದರೆ ಅಂಥ ನಿರ್ಣಯವನ್ನು ಋತು ಮುಗಿದ ಮೇಲೆ, ತಣ್ಣನೆಯ ತಲೆಯಿಂದ, ಕಾರಣಗಳನ್ನು ಬರೆದಿಟ್ಟು ಮಾಡಬೇಕು. ನಾಲ್ಕು ಗೋಲಿನ ರಾತ್ರಿ ಮಾಡಬಾರದು.

"ಟಿಕೆಟ್ಟಿಗೆ ಹಣ ಕೊಟ್ಟಿದ್ದೇವೆ, ಬೈಯುವ ಹಕ್ಕಿದೆ" ಎನ್ನುತ್ತಾನೆ ನನ್ನ ಸೋದರಳಿಯ. ಇದೆ ಮಗು, ಬೈಯುವ ಹಕ್ಕು ಖಂಡಿತ ಇದೆ. ಆದರೆ ಮಾರ್ಚಿನಲ್ಲಿ ಭುಜದ ಮೇಲೆ ಹೊತ್ತು ಡಿಸೆಂಬರಿನಲ್ಲಿ ಬೀದಿಗೆಸೆಯುವವನನ್ನು ನಮ್ಮ ಹಿರಿಯರು ಅಭಿಮಾನಿ ಎನ್ನುತ್ತಿರಲಿಲ್ಲ. ಗೆದ್ದೆತ್ತಿನ ಬಾಲ ಹಿಡಿಯುವವನು ಎನ್ನುತ್ತಿದ್ದರು.

ಇಷ್ಟು ಖಾರವಾಗಿ ಬರೆಯುವ ಅರ್ಹತೆ ನನಗಿದೆಯೇ? ಇಲ್ಲ. ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಸತತ ಎರಡು ವರ್ಷ ವಿಜ್ಞಾನ ವಿಷಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿಯಿತು. ಊರಿನವರು ಸಭೆ ಸೇರಿದರು. ವಿಜ್ಞಾನದ ಮೇಷ್ಟರನ್ನು ವರ್ಗ ಮಾಡಬೇಕೆಂದು ಇಲಾಖೆಗೆ ಮನವಿ ಸಿದ್ಧವಾಯಿತು. ಸಹೋದ್ಯೋಗಿಗಳ ಸಹಿಯೂ ಬೇಕೆಂದರು. ಪ್ರಯೋಗಾಲಯದಲ್ಲಿ ಒಡೆದ ಬೀಕರುಗಳ ಹೊರತು ಏನೂ ಇರಲಿಲ್ಲವೆಂಬುದು, ಆ ಎರಡು ತಂಡಗಳ ಮಕ್ಕಳು ಎಂಟನೆಯ ತರಗತಿಯಲ್ಲಿ ವಿಜ್ಞಾನ ಶಿಕ್ಷಕರೇ ಇಲ್ಲದೆ ಕಳೆದಿದ್ದರೆಂಬುದು ನನಗೆ ಗೊತ್ತಿತ್ತು. ಆದರೂ ಸಹಿ ಹಾಕಿದೆ. ಊರೇ ಒಂದು ಕಡೆ ನಿಂತಾಗ ಇನ್ನೊಂದು ಕಡೆ ಒಬ್ಬನೇ ನಿಲ್ಲುವ ಧೈರ್ಯ ನನಗಿರಲಿಲ್ಲ.

ಅವರಿಗೆ ವರ್ಗವಾಯಿತು. ಮರುವರ್ಷ ಫಲಿತಾಂಶ ಮೇಲೇರಿತು. ಹೊಸ ಮೇಷ್ಟರಿಗೆ ಹಾರ ಹಾಕಿ ಲಾಡು ಹಂಚಿದೆವು. ಉತ್ತೀರ್ಣರಾದ ಆ ಮಕ್ಕಳಿಗೆ ಎಂಟು, ಒಂಬತ್ತನೆಯ ತರಗತಿಗಳಲ್ಲಿ ಪಾಠ ಹೇಳಿದ್ದವರು ನಾವು ಕಳುಹಿಸಿದ ಆ ಮೇಷ್ಟರೇ ಎಂಬುದು ಆ ದಿನ ಯಾರ ಬಾಯಲ್ಲೂ ಬರಲಿಲ್ಲ. ಹಲವು ವರ್ಷಗಳ ಮೇಲೆ ಮದುವೆಯ ಮನೆಯೊಂದರಲ್ಲಿ ಸಿಕ್ಕಿದರು. ಊಟದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿಯೇ ಕುಳಿತು, ಆ ತಂಡದ ಹುಡುಗರು ಈಗ ಏನು ಮಾಡುತ್ತಿದ್ದಾರೆಂದು ಒಬ್ಬೊಬ್ಬರ ಹೆಸರು ಹಿಡಿದು ಕೇಳಿದರು. ಸಹಿಯ ಸಂಗತಿ ಅವರಿಗೆ ತಿಳಿದಿತ್ತೋ ಇಲ್ಲವೋ, ನಾನು ಹೇಳಲಿಲ್ಲ. ಅವರು ಈಗಿಲ್ಲ.

ಆ ವರ್ಷದ ಶಿಷ್ಯರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಅಂಕಪಟ್ಟಿಯ ವಿಜ್ಞಾನದ ಅಂಕವನ್ನು ಇನ್ನೊಮ್ಮೆ ನೋಡಿ, ಅದನ್ನು ಯಾರಿಗೆ ಸಲ್ಲಿಸಬೇಕೋ ಅವರಿಗೆ ಮನಸ್ಸಿನಲ್ಲಿಯೇ ಸಲ್ಲಿಸಿ. ಇನ್ನು ನನ್ನ ಸೋದರಳಿಯನಿಗೆ ಹೇಳುವುದಿಷ್ಟು: ಮುಂದಿನ ಸಲ ಕಂಠೀರವದಲ್ಲಿ ನಮ್ಮವರು ಸೋತ ರಾತ್ರಿ ನೀನು ಬಾಯಿ ತೆರೆಯುವ ಮೊದಲು, ಗುಂಪಿನಲ್ಲಿ ಮೆಲ್ಲಗೆ ಮಾತಾಡುವ ಆ ಹುಡುಗ ಏನು ಹೇಳುತ್ತಾನೆಂದು ಒಂದು ನಿಮಿಷ ಕೇಳು. ಸಹಿ ಹಾಕುವ ಮೊದಲು ನಾನು ಆ ಒಂದು ನಿಮಿಷ ಕಾಯಬೇಕಾಗಿತ್ತು.