ಒಂದೇ ಅರೇ ಸಾಲದು

ಇಂಟರಪ್ಟ್ ನಂಬರಿಗೆ ಹ್ಯಾಂಡ್ಲರ್ ಹುಡುಕಲು ಒಂದು ಅರೇ ಸಾಕು, ಲಿನಕ್ಸ್‌ನ ಐಆರ್‌ಕ್ಯೂ ಡೊಮೇನ್ ಬರೀ ಆಡಂಬರ ಎಂಬ ವಾದವನ್ನು ನಾನು ಖಂಡಿತ ಒಪ್ಪುವುದಿಲ್ಲ. ಆ ನಂಬರ್ ಯಾರದು? ಎಆರ್‌ಎಂ ಬೋರ್ಡಿನ ಮುಖ್ಯ ಕಂಟ್ರೋಲರ್‌ನಲ್ಲೂ 40 ಇರುತ್ತದೆ, ಅದಕ್ಕೆ ಜೋಡಿಸಿದ ಜಿಪಿಐಒ ಚಿಪ್‌ನಲ್ಲೂ 40 ಇರಬಹುದು. ಒಂದೇ ಅರೇಯಲ್ಲಿ ಎರಡೂ ಒಂದೇ ಮನೆಗೆ ಬಂದು ಬೀಳುತ್ತವೆ. ಡೊಮೇನ್ ಪ್ರತಿ ಕಂಟ್ರೋಲರ್‌ಗೂ ಅದರದೇ ಪಟ್ಟಿ ಕೊಡುತ್ತದೆ.

ಡೊಮೇನ್‌ನಿಂದ ವೇಗ ಕುಸಿಯುತ್ತದೆಂಬ ಆಕ್ಷೇಪವೂ ನಿಲ್ಲದು: ಸಣ್ಣ ನಂಬರುಗಳಿಗೆ ಅದರೊಳಗೂ ಇರುವುದು ಅರೇಯೇ. ರೇಡಿಕ್ಸ್ ಟ್ರೀ ಬೇಕಾಗುವುದು ನಂಬರುಗಳು ದೊಡ್ಡವಾಗಿ ಚದುರಿದಾಗ. ಎಆರ್‌ಎಂನ ಜಿಐಸಿವಿ3 ಕಂಟ್ರೋಲರಿನ ಎಲ್‌ಪಿಐ ಇಂಟರಪ್ಟ್‌ಗಳ ನಂಬರು ಶುರುವಾಗುವುದೇ 8192ರಿಂದ. ಕೆಳಗಿನ ಖಾಲಿ ಮನೆಗಳಿಗೆಲ್ಲ ಮೆಮೊರಿ ಸುರಿಯಬೇಕೇ? ಇನ್ನು ಆ ಕಂಟ್ರೋಲರಿನಲ್ಲಿ ಪಿಸಿಐ ಸಾಧನ ಸಂದೇಶವಾಗಿ ಕಳಿಸುವ ಇಂಟರಪ್ಟ್, ಅಂದರೆ ಎಂಎಸ್‌ಐ, ಅದನ್ನು ಅನುವಾದಿಸುವ ಐಟಿಎಸ್ ಘಟಕ ದಾಟಿ ಜಿಐಸಿ ತಲುಪುತ್ತದೆ. ಐಆರ್‌ಕ್ಯೂ ಡೇಟಾದ ಪೇರೆಂಟ್ ಪಾಯಿಂಟರ್ ಹಿಡಿದು ಆ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಏರಬಹುದು. ಬರಿಯ ಅರೇಯಲ್ಲಿ ಅದಕ್ಕೆ ಜಾಗ ಎಲ್ಲಿದೆ?