250 ಕೋಟಿ ಪ್ರವಾಸಿಗರಲ್ಲಿ ನಮ್ಮಮ್ಮ ಎಷ್ಟು ಮಂದಿ?

ಕಳೆದ ಡಿಸೆಂಬರ್‌ನಲ್ಲಿ ನನ್ನ ಸುತ್ತ ಮೂರು ಪ್ರಯಾಣ ನಡೆದವು. ಅಮ್ಮ ಸಂಘದ ಗೆಳತಿಯರ ಜೊತೆ ಆಧಾರ್ ಕಾರ್ಡ್ ಹಿಡಿದು ಕೆಂಪು ಬಸ್ ಹತ್ತಿ ಶೃಂಗೇರಿ, ಹೊರನಾಡು, ಕೊಲ್ಲೂರು ಸುತ್ತಿ ಬಂದರು. ಇಂಜಿನಿಯರಿಂಗ್ ಕ್ಲಾಸ್‌ಮೇಟ್ ಒಬ್ಬ ಹೆಂಡತಿ, ಮಗು ಜೊತೆ ಥಾಯ್ಲೆಂಡ್‌ಗೆ ಹೋದ. "ಕೂರ್ಗ್ ರೆಸಾರ್ಟ್ ರೇಟ್ ನೋಡಿ ತಲೆ ತಿರುಗ್ತು ಮಗಾ, ಫುಕೆಟ್ಟೇ ವಾಸಿ ಅನ್ನಿಸ್ತು" ಅಂದ. ಅಮೆರಿಕದ ಪೌರತ್ವ ಪಡೆದಿರುವ ದೊಡ್ಡಪ್ಪನ ಮಗಳು ನಾಮಕರಣಕ್ಕೆ ಅಂತ ಮೈಸೂರಿಗೆ ಬಂದಿದ್ದಳು.

ಸರ್ಕಾರದ ಲೆಕ್ಕದಲ್ಲಿ ನಮ್ಮಕ್ಕ ವಿದೇಶಿ ಪ್ರವಾಸಿ. ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನೋದಷ್ಟೇ ಅಲ್ಲಿ ಮುಖ್ಯ. 2019ರಲ್ಲಿ ಭಾರತಕ್ಕೆ ಬಂದ ವಿದೇಶಿ ಪ್ರವಾಸಿಗರು ಸುಮಾರು 1.09 ಕೋಟಿ, 2023ರಲ್ಲಿ 95 ಲಕ್ಷ. ಅಂದ್ರೆ ಕೋವಿಡ್ ಮುಗಿದ ಮೇಲೂ ಹಳೇ ಮಟ್ಟ ಮುಟ್ಟಿರಲಿಲ್ಲ. ಇವರಲ್ಲೂ ಸುಮಾರು ಕಾಲು ಭಾಗ ನಮ್ಮಕ್ಕನಂಥ ಭಾರತೀಯ ಮೂಲದವರು. ಅವರನ್ನು ಇಲ್ಲಿಗೆ ಕರೆಸಿದ್ದು ತಾಜ್‌ಮಹಲೂ ಅಲ್ಲ, ಹಂಪಿಯೂ ಅಲ್ಲ, ಮನೆಯವರ ಫೋನು. ಹೊರದೇಶಗಳಲ್ಲಿ ಪ್ರಚಾರ ಮಾಡೋಕೆ ಅಂತ 2024-25ರಲ್ಲಿ ಸುಮಾರು 33 ಕೋಟಿ ರೂಪಾಯಿ ಇಟ್ಟಿದ್ದ ಕೇಂದ್ರ, ಮರುವರ್ಷದ ಬಜೆಟ್‌ನಲ್ಲಿ ಅದನ್ನು ಸುಮಾರು 3 ಕೋಟಿಗೆ ಇಳಿಸಿತು. ಕರೆಯೋ ಕೆಲಸವನ್ನು ನೆಂಟರಿಷ್ಟರಿಗೇ ಬಿಟ್ಟ ಹಾಗಾಯ್ತು.

ಹೊರಗೆ ಹೋಗುವವರ ಸಂಖ್ಯೆ ಮಾತ್ರ ಏರುತ್ತಲೇ ಇದೆ. 2019ರಲ್ಲಿ 2.69 ಕೋಟಿ ಇದ್ದದ್ದು 2024ರಲ್ಲಿ 3 ಕೋಟಿ ದಾಟಿತು. 2023ರ ನವೆಂಬರ್‌ನಲ್ಲಿ ಥಾಯ್ಲೆಂಡ್, ಮರುತಿಂಗಳೇ ಮಲೇಷ್ಯಾ, ಭಾರತೀಯರಿಗೆ ವೀಸಾ ಬೇಡ ಅಂದವು. ಮಧ್ಯಮ ವರ್ಗದ ಹಣ ಹೊರಗೆ ಹರೀತಿದೆ ಅಂತ ಟಿವಿ ಚರ್ಚೆಗಳಲ್ಲಿ ಗೋಳಾಡುವವರು ಒಂದನ್ನು ಮರೀತಾರೆ. ಈ 3 ಕೋಟಿ, ದೇಶದ ಗಡಿ ದಾಟಿದ ಎಲ್ಲರ ಲೆಕ್ಕ. ರಜೆ ಮುಗಿಸಿ ಮಂಗಳೂರಿನಿಂದ ದುಬೈನ ಕೆಲಸಕ್ಕೆ ವಾಪಸ್ ಹೋಗುವವನೂ ಅದರಲ್ಲಿದ್ದಾನೆ. ಹೆಚ್ಚು ಭಾರತೀಯರು ಹೋಗುವ ದೇಶಗಳ ಪಟ್ಟಿಯ ತುದಿಯಲ್ಲಿ ಯುಎಇ, ಸೌದಿ ಇರೋದು ಅದಕ್ಕೇ.

ಈಗ ಅಮ್ಮನ ವಿಷಯ. ದೇಶದೊಳಗಿನ ಪ್ರವಾಸ 2019ರಲ್ಲಿ 232 ಕೋಟಿ, 2023ರಲ್ಲಿ ಸುಮಾರು 250 ಕೋಟಿ. ಭಾಷಣಗಳಲ್ಲಿ ಇದು '250 ಕೋಟಿ ಪ್ರವಾಸಿಗರು' ಆಗುತ್ತೆ. ದೇಶದ ಜನಸಂಖ್ಯೆ 140 ಕೋಟಿಯ ಆಸುಪಾಸು, ಹಾಗಾಗಿ ಅದು ತಲೆಗಳ ಲೆಕ್ಕ ಆಗೋಕೆ ಸಾಧ್ಯವೇ ಇಲ್ಲ. ಅದು ಭೇಟಿಗಳ ಲೆಕ್ಕ, ರಾಜ್ಯಗಳು ಕೊಟ್ಟ ಅಂಕಿಗಳ ಮೊತ್ತ. ಮೂರು ಕ್ಷೇತ್ರ ನೋಡಿದ ಅಮ್ಮ ಮೂರು ಮಂದಿ ಆಗಿರಬಹುದು. ಒಂದೇ ಸಿಗ್ನಲ್ಲನ್ನು ಮೂರು ಸೆನ್ಸರ್ ಎಣಿಸಿದರೆ ಲ್ಯಾಬ್‌ನಲ್ಲಿ ನಮ್ಮ ಮೇಷ್ಟ್ರು ರೆಕಾರ್ಡ್ ಬುಕ್ ಎಸೀತಿದ್ರು.

ಹಾಗಂತ ಬೆಳವಣಿಗೆಯೇ ಸುಳ್ಳು ಅಂತಲ್ಲ. ಕರ್ನಾಟಕದಲ್ಲಿ ಇಂಥ ಭೇಟಿಗಳು 2019ರ ಸುಮಾರು 22.8 ಕೋಟಿಯಿಂದ 2023ರಲ್ಲಿ 28.4 ಕೋಟಿಗೆ ಏರಿದವು. ಅದೇ ವರ್ಷ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯ್ತು. ಏರಿಕೆಯೆಲ್ಲ ಶಕ್ತಿಯದ್ದೇ ಅಂತ ನಾನು ಹೇಳಲ್ಲ, ಕೋವಿಡ್‌ನಲ್ಲಿ ಕಟ್ಟಿಹಾಕಿದಂತಿದ್ದ ಜನ ಹೊರಗೆ ಬಂದದ್ದೂ ಇದೆ. ಆದರೆ ಗಂಡನ ಜೇಬು ನೋಡದೆ, ಮಗನನ್ನು ಕೇಳದೆ ಊರು ಬಿಟ್ಟು ನಾಲ್ಕು ದಿನ ಸುತ್ತೋದು ನಮ್ಮಮ್ಮನ ಆಯುಷ್ಯದಲ್ಲಿ ಇದೇ ಮೊದಲು.

ಈ ಹೊಸ ಪ್ರವಾಸಿಗೆ ವ್ಯವಸ್ಥೆ ಏನಿದೆ? ರಾತ್ರಿ ಒಂದು ತಾಲೂಕು ಬಸ್ ನಿಲ್ದಾಣದಲ್ಲಿ ಹೆಂಗಸರ ಶೌಚಾಲಯಕ್ಕೆ ಬೀಗ ಹಾಕಿತ್ತಂತೆ. ಆರು ಜನ ಸರದಿ ಮೇಲೆ ಪರಸ್ಪರ ಕಾವಲು ನಿಂತು ಕಟ್ಟಡದ ಹಿಂದೆ ಹೋಗಿಬಂದರು. ರಾಜ್ಯದ ಪ್ರವಾಸೋದ್ಯಮ ನೀತಿಯಲ್ಲಿ ಬಂಡವಾಳ ಹಾಕುವವರಿಗೆ ಸಬ್ಸಿಡಿ ಉಂಟು. ಹಾಕಲಿ, ಬೇಡ ಅನ್ನಲ್ಲ. ಆದರೆ ಸಂಖ್ಯೆ ತೋರಿಸೋಕೆ ಅಮ್ಮ, ಸೌಕರ್ಯ ಕಟ್ಟೋಕೆ ರೆಸಾರ್ಟ್ ಗಿರಾಕಿ ಅಂದ್ರೆ ಹೇಗೆ?

ಬೆಟ್ಟದ ಮೇಲಿನ ಭಾರವನ್ನೂ ಈ ಎಣಿಕೆ ಮುಚ್ಚಿಡುತ್ತೆ. ಒಂದು ಬಸ್ಸಿನ ಐವತ್ತು ಜನ, ಹದಿನೈದು ಕಾರಿನ ಐವತ್ತು ಜನ, ಎರಡೂ ಐವತ್ತೇ. ಮುಳ್ಳಯ್ಯನಗಿರಿಗೆ ಆನ್‌ಲೈನ್ ಬುಕಿಂಗ್ ತಂದಾಗ, 2024ರ ಮೇನಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ ಊಟಿ, ಕೊಡೈಕನಾಲ್‌ಗೆ ಇ-ಪಾಸ್ ಬಂದಾಗ ಲೆಕ್ಕ ಹಾಕಿದ್ದು ವಾಹನಗಳನ್ನು. ಅಲ್ಲಿ ಸಮಸ್ಯೆ ಏನು ಅಂತ ಗೊತ್ತಿತ್ತು, ಅದನ್ನೇ ಎಣಿಸಿದರು.

ಯಾರು, ಯಾಕೆ, ಎಷ್ಟು ರಾತ್ರಿ, ಎಷ್ಟು ಖರ್ಚು ಅಂತ ಮನೆಗಳಿಗೇ ಹೋಗಿ ಕೇಳುವ ಸಮೀಕ್ಷೆಯೂ ಇದೆ. 2014-15ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯ 72ನೇ ಸುತ್ತು ಇದನ್ನೇ ಕೇಳಿತ್ತು. ಆಗ ಅತಿ ಹೆಚ್ಚು ಬಂದ ಉತ್ತರ ನೆಂಟರ ಮನೆ, ಮದುವೆಯಂಥ ಕಾರಣಗಳು. ಹತ್ತು ವರ್ಷದ ನಂತರ, 2025ರ ಜುಲೈನಿಂದ ಒಂದು ವರ್ಷದ ಹೊಸ ಸಮೀಕ್ಷೆ ಶುರುವಾಯಿತು. ಅದರ ಪ್ರಶ್ನೆಗಾರರು ನಮ್ಮ ಬೀದಿಗೆ ಬಂದರೆ ಅಮ್ಮ ಮನೆಯಲ್ಲಿರೋದು ಡೌಟು. ಗೋಕರ್ಣದ ಪ್ಲಾನ್ ಆಗಲೇ ರೆಡಿ ಇದೆ. "ದಾರೀಲಿ ನೀರು ಕಮ್ಮಿ ಕುಡಿದ್ರಾಯ್ತು ಬಿಡು" ಅಂತಾರೆ.