ಕೆರೆಯ ದಂಡೆ ಕಡಿದವರಿಗೆ

ಎರಡು ದಿನ ಮೇಲೆ ಸುತ್ತು ಹೊಡೆದವು. ಇಳಿಯಲಿಲ್ಲ. ಮೂರನೆಯ ದಿನ ಆಕಾಶ ಬರಿದಾಗಿತ್ತು.

ಅಣ್ಣಿಗೇರಿ ಸೀಮೆಯ ನಮ್ಮ ಕೆರೆಗೆ ಚಳಿ ಬಿದ್ದೊಡನೆ ಬರುತ್ತಿದ್ದ ಪಟ್ಟೆತಲೆ ಹೆಬ್ಬಾತುಗಳು ಅವು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ. 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಇಲ್ಲಿಗೆ ಬಂದರೆ ಕಾಲೂರಲು ದಂಡೆಯೇ ಇಲ್ಲ. ಬೇಸಿಗೆಯಲ್ಲಿ ಹೂಳೆತ್ತುವ ಹೆಸರಿನಲ್ಲಿ ಜೆಸಿಬಿ ಇಳಿಸಿ, ಹೂಳು ಮುಗಿದ ಮೇಲೂ ಅಗೆದು ಮಣ್ಣು ಮಾರಿಕೊಂಡರು. ಮೂರು ಬದಿ ಗೋಡೆಯಂತೆ ಕಡಿದರು. ನಾಲ್ಕನೆಯ ಬದಿಗೆ ಕಲ್ಲು ಜೋಡಿಸಿ ಅಭಿವೃದ್ಧಿಯ ಬೋರ್ಡು ನೆಟ್ಟರು.

ಈ ಹಕ್ಕಿಯ ದಿನಚರಿ ಹೊಲ ಕಾಯುವ ಪ್ರತಿಯೊಬ್ಬನಿಗೂ ಗೊತ್ತು. ಹೊತ್ತು ಮುಳುಗುವಾಗ ಕೂಗುತ್ತ ನೀರಿನಿಂದ ಏಳುತ್ತವೆ, ಸಾಲುಗಟ್ಟಿ ಮಾಳಿಗೆಗಳ ಮೇಲಿಂದ ಹಾದು ಹೊಲಕ್ಕಿಳಿಯುತ್ತವೆ. ಹುಲ್ಲು, ಎಳೆ ಪೈರು, ಶೇಂಗಾ ಕಿತ್ತ ಮಣ್ಣಿನಲ್ಲಿ ಉಳಿದ ಕಾಯಿ ಅವುಗಳ ಊಟ. ಬೆಳಗಾದ ಮೇಲೆ ಕೆರೆಗೆ ವಾಪಸು. ಹಗಲೆಲ್ಲ ದಂಡೆಯಲ್ಲಿ ಒಂಟಿ ಕಾಲೂರಿ, ರೆಕ್ಕೆಯೊಳಗೆ ಕೊಕ್ಕು ಸೇರಿಸಿ ನಿದ್ದೆ. ಅದಕ್ಕೆ ಇಳಿಜಾರು ಬೇಕು, ತೆಳುನೀರು ಬೇಕು. ಹೋದ ವರ್ಷ ಇದೇ ದಂಡೆಯ ಹಸಿ ಕೆಸರಿನಲ್ಲಿ ಮೂರು ಬೆರಳಿನ ಜಾಲಗಾಲಿನ ಗುರುತು ಒತ್ತೊತ್ತಾಗಿ ಮೂಡಿತ್ತು. ಪಕ್ಕದಲ್ಲೇ ಹುಲ್ಲಿನ ನಾರು ಕಾಣುವ ಹಸಿರು ಹಿಕ್ಕೆ. ಈಗ ಅಲ್ಲಿ ಜೆಸಿಬಿ ಹಲ್ಲಿನ ಗೀರು.

ಬೆಳೆ ಹಾಳಾಗುತ್ತದೆ, ಸುಳ್ಳಲ್ಲ. ಎರೆ ಹೊಲದ ಕಡಲೆ ಸಸಿಯನ್ನು ಒಂದೇ ರಾತ್ರಿ ಮೇಯ್ದರೆ ಹೊಟ್ಟೆ ಉರಿಯದೆ ಇರುತ್ತದೆಯೇ? 1980ರ ಜುಲೈನಲ್ಲಿ ನೀರಿನ ಕರದ ವಿರುದ್ಧ ನವಲಗುಂದದ ರೈತರು ಗುಂಡೇಟು ತಿಂದ ನಾಡು ಇದು, ರೈತನ ನಷ್ಟ ಏನೆಂದು ನಮಗೆ ಹೇಳಿಕೊಡಬೇಕಿಲ್ಲ. ಅವನಿಗೆ ಪರಿಹಾರ ಕೊಡಿ. ಆದರೆ ದಂಡೆ ಕಡಿದವನು ಬೆಳೆ ಕಳಕೊಂಡ ರೈತನಲ್ಲ, ಮಣ್ಣು ಸಾಗಿಸಿದವನು. ರಾತ್ರಿ ಟಾರ್ಚ್ ಹಿಡಿದು ಬಲೆ ಒಡ್ಡುವವನೂ ಹಸಿದವನಲ್ಲ, ಪಾರ್ಟಿಗೆ ಮಾಂಸ ಹುಡುಕುವವನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ ಎಂದು ಅವನಿಗೆ ಚೆನ್ನಾಗಿ ಗೊತ್ತು.

ಗುಡಗೇರಿ, ಲಕ್ಷ್ಮೇಶ್ವರ ದಾಟಿದರೆ ಮಾಗಡಿ. 1997ರವರೆಗೆ ಅದೂ ನಮ್ಮ ಧಾರವಾಡ ಜಿಲ್ಲೆಯದೇ. ಸುಮಾರು 50 ಹೆಕ್ಟೇರಿನ ಕೆರೆ, ನೀರಾವರಿಗೆಂದು ಮನುಷ್ಯರೇ ಕಟ್ಟಿದ್ದು. ಅಲ್ಲಿಗೆ ಚಳಿಗಾಲದಲ್ಲಿ ಬರುವ ಹಕ್ಕಿಗಳು ಸುಮಾರು 8,000. 2024ರಲ್ಲಿ ಅದು ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವಾಯಿತು. ಊರ ಮಗ್ಗುಲಿನ ಕೆರೆಯೊಂದಕ್ಕೆ ಅಲ್ಲಿ ಸಿಕ್ಕ ಮರ್ಯಾದೆ ನಮ್ಮಲ್ಲಿ ಯಾಕೆ ಸಿಗಬಾರದು?

ಮುಂದಿನ ಬೇಸಿಗೆಗೆ ಮತ್ತೆ ಜೆಸಿಬಿ ಬರುತ್ತದೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಪಂಚಾಯ್ತಿ ಸದಸ್ಯರೇ, ಹೂಳು ಎತ್ತಿಸಿ, ಬೇಡ ಅನ್ನುವುದಿಲ್ಲ. ಒಂದು ಬದಿಯ ದಂಡೆಯನ್ನಾದರೂ ಇಳಿಜಾರಾಗಿಯೇ ಬಿಡುತ್ತೇವೆಂದು ಮೊದಲು ಠರಾವು ಬರೆದು ಸಹಿ ಹಾಕಿ. ಯಂತ್ರ ಆಮೇಲೆ ಇಳಿಯಲಿ.